ಹಳೆಯ ಡೆಸ್ಕ್‌ಟಾಪ್ ಮಲಗುತ್ತಿಲ್ಲ, ಮಲಗಿದರೆ ಏಳುತ್ತಿಲ್ಲ: ಸ್ಲೀಪ್ ಮೋಡ್ ದೋಷ ಹುಡುಕುವ ಬಗೆ

"ಸ್ಲೀಪ್ ಮೋಡ್ ಕೆಟ್ಟಿದೆ" ಅನ್ನುವ ಒಂದೇ ದೂರಿನ ಹಿಂದೆ ಆರೇಳು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಒಬ್ಬರ ಕಂಪ್ಯೂಟರ್ ಮಲಗುವುದೇ ಇಲ್ಲ. ಇನ್ನೊಬ್ಬರದು ಮಲಗಿದ ಎರಡು ಸೆಕೆಂಡಿಗೇ ಎದ್ದು ಕೂರುತ್ತದೆ. ಮತ್ತೊಬ್ಬರದು ಮಲಗಿತೆಂದರೆ ಮುಗಿಯಿತು, ಎಷ್ಟು ಕೀಲಿ ಒತ್ತಿದರೂ ಪರದೆ ಕಪ್ಪು. ಈ ಮೂರಕ್ಕೂ ಮದ್ದು ಬೇರೆ ಬೇರೆ. ಲಕ್ಷಣ ನೋಡದೆ ಕಂಡ ಕಂಡ ಸೆಟ್ಟಿಂಗ್ ಬದಲಿಸುತ್ತಾ ಹೋದರೆ ಕೊನೆಗೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತಲೇ ತಿಳಿಯುವುದಿಲ್ಲ.

ಒಂದು ಸಮಾಧಾನದ ವಿಷಯ ಇದೆ. ತನ್ನನ್ನು ಮಲಗಲು ಬಿಡದವರು ಯಾರು, ಎಬ್ಬಿಸಿದವರು ಯಾರು ಅನ್ನುವುದನ್ನು ವಿಂಡೋಸ್ ಓಡುವ ಕಂಪ್ಯೂಟರ್ ಬಹುಪಾಲು ತಾನೇ ಬರೆದಿಟ್ಟಿರುತ್ತದೆ. ಕೇಳುವುದು ಗೊತ್ತಿದ್ದರೆ ಸಾಕು. ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಅದನ್ನೇ ಕೇಳೋಣ.

ಮಲಗಿದಾಗ ಒಳಗೆ ಏನಾಗುತ್ತದೆ

ಸ್ವಲ್ಪ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಸ್ಲೀಪ್ ಅಂದರೆ ಕಂಪ್ಯೂಟರ್ ಪೂರ್ತಿ ಆಫ್ ಆದ ಹಾಗಲ್ಲ. ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಲ್ಲುತ್ತವೆ. ರ‍್ಯಾಮ್‌ಗೆ ಮಾತ್ರ ಕರೆಂಟು ಹರಿಯುತ್ತಲೇ ಇರುತ್ತದೆ, ಯಾಕೆಂದರೆ ನೀವು ತೆರೆದಿಟ್ಟ ಕಡತಗಳೆಲ್ಲ ಅಲ್ಲೇ ಇವೆ. ಈ ಸ್ಥಿತಿಗೆ ಎಸ್3 ಎಂದು ಹೆಸರು. 1996ರಲ್ಲಿ ಬಂದ ಎಸಿಪಿಐ ಎಂಬ ಮಾನದಂಡ ಇಟ್ಟ ಹೆಸರು ಅದು. ಎಸ್1 ಅಂದರೆ ಅರೆನಿದ್ದೆ: ಪ್ರೊಸೆಸರ್ ಕೆಲಸ ನಿಲ್ಲಿಸಿದರೂ ಕರೆಂಟು ಕಡಿತವಾಗುವುದಿಲ್ಲ, ಫ್ಯಾನ್ ಸುತ್ತುತ್ತಲೇ ಇರಬಹುದು. ಎಸ್4 ಅಂದರೆ ಹೈಬರ್ನೇಟ್: ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಪೂರ್ತಿ ಆಫ್ ಆಗುವುದು.

ಎಸ್3 ನಿದ್ದೆಯಲ್ಲಿ ರ‍್ಯಾಮ್ ಅನ್ನು ಜೀವಂತ ಇಡುವುದು ಪವರ್ ಸಪ್ಲೈನಿಂದ ಬರುವ ಒಂದು ಸಣ್ಣ 5 ವೋಲ್ಟ್ ಲೈನ್. ಸ್ಟ್ಯಾಂಡ್‌ಬೈ ಲೈನ್ ಅನ್ನುತ್ತಾರೆ. ನೇರಳೆ ಬಣ್ಣದ ತಂತಿ. ಕಂಪ್ಯೂಟರ್ ಆಫ್ ಇದ್ದರೂ, ಗೋಡೆಯ ಸ್ವಿಚ್ ಆನ್ ಇರುವವರೆಗೂ ಇದರಲ್ಲಿ ಕರೆಂಟು ಇರುತ್ತದೆ. ಈ ನೇರಳೆ ತಂತಿಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಶುರು ಮಾಡುವ ಮುನ್ನ ಎಚ್ಚರಿಕೆ

ಪ್ರತಿ ಪರೀಕ್ಷೆಗೂ ಮೊದಲು ತೆರೆದ ಕಡತಗಳನ್ನೆಲ್ಲ ಸೇವ್ ಮಾಡಿ. ಏಳದ ಕಂಪ್ಯೂಟರನ್ನು ಬಲವಂತವಾಗಿ ಆಫ್ ಮಾಡಬೇಕಾದೀತು.

ಕ್ಯಾಬಿನೆಟ್ ತೆರೆಯುವ ಹಂತಕ್ಕೆ ಬಂದರೆ ಸ್ಲೀಪ್‌ನಲ್ಲಿರುವ ಯಂತ್ರಕ್ಕೆ ಕೈ ಹಾಕಲೇಬೇಡಿ. ಫ್ಯಾನ್ ನಿಂತಿದೆ, ಸದ್ದಿಲ್ಲ, ಆಫ್ ಆಗಿದೆ ಅಂತ ರ‍್ಯಾಮ್ ಕಿತ್ತರೆ ರ‍್ಯಾಮೂ ಹೋಗಬಹುದು, ಮದರ್‌ಬೋರ್ಡೂ ಹೋಗಬಹುದು. ಆ ಹೊತ್ತಿನಲ್ಲಿ ರ‍್ಯಾಮ್ ಸ್ಲಾಟಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಸರಿಯಾಗಿ ಶಟ್‌ಡೌನ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಹಲವು ಮದರ್‌ಬೋರ್ಡ್‌ಗಳ ಮೇಲೆ ಒಂದು ಪುಟ್ಟ ದೀಪ ಇರುತ್ತದೆ. ಅದು ಆರಿದ ಮೇಲೆಯೇ ಒಳಗೆ ಕೈ. ಮೈಯ ಸ್ಟ್ಯಾಟಿಕ್ ಹೋಗಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ.

ಪವರ್ ಸಪ್ಲೈ ಡಬ್ಬವನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ (ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿಗಳು) ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ಮೊದಲ ಐದು ನಿಮಿಷ, ಲಕ್ಷಣ ಯಾವುದೇ ಇರಲಿ

ಒಮ್ಮೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ, ರೀಸ್ಟಾರ್ಟ್. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅನ್ನುವ ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಮತ್ತೆ ಆನ್ ಮಾಡಿದಾಗ ಹಳೇ ಗೋಜಲನ್ನೇ ಎತ್ತಿಕೊಂಡು ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರು.

ಆಮೇಲೆ ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತಿಡಿ. ಪ್ರಿಂಟರ್, ಗೇಮ್ ಕಂಟ್ರೋಲರ್, ಹೊರಗಿನ ಹಾರ್ಡ್ ಡಿಸ್ಕ್, ಯುಎಸ್‌ಬಿ ಹಬ್, ಚಾರ್ಜಿಗೆ ಹಾಕಿದ ಫೋನ್ ಎಲ್ಲವೂ. ಈಗ ಸ್ಲೀಪ್ ಕೊಟ್ಟು ನೋಡಿ. ಸರಿಯಾಗಿ ಮಲಗಿ ಎದ್ದರೆ ಕಿತ್ತಿಟ್ಟ ಗುಂಪಿನಲ್ಲೇ ಕಳ್ಳ ಇದ್ದಾನೆ. ಒಂದೊಂದಾಗಿ ಹಾಕಿ ಹಿಡಿಯಿರಿ. ನನ್ನ ಅನುಭವದಲ್ಲಿ ಇಲ್ಲೇ ಬಗೆಹರಿದು ಹೋಗುವ ಕೇಸುಗಳು ಬಹಳ.

ಇದರಿಂದ ಆಗದಿದ್ದರೆ ಕಮಾಂಡ್ ಪ್ರಾಂಪ್ಟ್ ಬೇಕು. ಸ್ಟಾರ್ಟ್ ಮೆನುವಿನಲ್ಲಿ ಅದನ್ನು ಹುಡುಕಿ, ರೈಟ್ ಕ್ಲಿಕ್ ಮಾಡಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಆರಿಸಿ. ಈ ಕೈಪಿಡಿಯ ಕಮಾಂಡ್‌ಗಳೆಲ್ಲ ಪವರ್‌ಸಿಎಫ್‌ಜಿ ಅನ್ನುವ ಪದದಿಂದ ಶುರುವಾಗುತ್ತವೆ. ಫೋನಿನಲ್ಲಿ ಹೇಳಿದ ಹಾಗೆ ಬಿಡಿಸಿ ಹೇಳುವುದಾದರೆ, ಇಂಗ್ಲಿಷಿನಲ್ಲಿ ಪವರ್ ಅಂತ ಬರೆದು, ಜಾಗ ಬಿಡದೆ ಸಿ, ಎಫ್, ಜಿ ಅಂಟಿಸಿ. ಆಮೇಲೆ ಒಂದು ಸ್ಪೇಸ್, ಒಂದು ಸ್ಲ್ಯಾಶ್, ಅದಕ್ಕೆ ತಾಗಿಕೊಂಡು ನಾನು ಹೇಳುವ ಪದ. ಸ್ಲ್ಯಾಶ್ ಅಂದರೆ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯಲ್ಲಿರುವ ಓರೆಗೆರೆ.

ಲಕ್ಷಣ: ಮೆನುವಿನಲ್ಲಿ ಸ್ಲೀಪ್ ಆಯ್ಕೆಯೇ ಇಲ್ಲ

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟ ತೆರೆಯಿರಿ. ಕೆಳಗೆ ಸ್ಲೀಪ್ ಎಂಬ ಪುಟ್ಟ ಚೌಕ ಇರುತ್ತದೆ. ಅದರಲ್ಲಿ ಟಿಕ್ ಇಲ್ಲದಿದ್ದರೆ ಹಾಕಿ. ಮುಗಿಯಿತು.

ಆ ಚೌಕವೇ ಇಲ್ಲವೆಂದರೆ ಪವರ್‌ಸಿಎಫ್‌ಜಿ ಸ್ಲ್ಯಾಶ್ ಎ ಕೊಡಿ. ಈ ಯಂತ್ರಕ್ಕೆ ಯಾವ ಯಾವ ನಿದ್ದೆ ಸಾಧ್ಯ, ಯಾವುದು ಸಾಧ್ಯವಿಲ್ಲ, ಯಾಕಿಲ್ಲ ಎಂದು ಪಟ್ಟಿ ಬರುತ್ತದೆ. ಎಸ್3 ಸಾಲಿನ ಕೆಳಗಿರುವ ಕಾರಣ ಓದಿ. ಗ್ರಾಫಿಕ್ಸ್ ಎಂದಿದ್ದರೆ ವಿಡಿಯೋ ಡ್ರೈವರ್ (ಗ್ರಾಫಿಕ್ಸ್ ಭಾಗವನ್ನು ವಿಂಡೋಸ್ ಜತೆ ಮಾತಾಡಿಸುವ ತಂತ್ರಾಂಶ) ಕೂತಿಲ್ಲ, ವಿಂಡೋಸ್ ತನ್ನ ಬೇಸಿಕ್ ಡಿಸ್‌ಪ್ಲೇ ಡ್ರೈವರ್‌ನಲ್ಲೇ ಕಾಲ ಕಳೆಯುತ್ತಿದೆ ಅಂತ ಅರ್ಥ. ಹಳೇ ಯಂತ್ರಕ್ಕೆ ಹೊಸ ವಿಂಡೋಸ್ ಹಾಕಿದಾಗ ಇದು ಮಾಮೂಲು. ಗ್ರಾಫಿಕ್ಸ್ ತಯಾರಕರ ತಾಣದಿಂದ ನಿಮ್ಮ ಕಾರ್ಡಿಗೆ ಬಂದ ಕೊನೆಯ ಡ್ರೈವರ್ ತಂದು ಹಾಕಿ. ಫರ್ಮ್‌ವೇರ್ ಬೆಂಬಲಿಸುವುದಿಲ್ಲ ಎಂದಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಶುರುವಾಗುವ ಮದರ್‌ಬೋರ್ಡಿನ ಒಳತಂತ್ರಾಂಶ, ಇಲ್ಲಿ ಫರ್ಮ್‌ವೇರ್ ಅಂದರೂ ಅದೇ) ಎಸ್3 ಆಫ್ ಆಗಿರಬೇಕು. ಅದು ಮುಂದಿನ ಲಕ್ಷಣದಲ್ಲಿದೆ.

ಲಕ್ಷಣ: ಪರದೆ ಆರುತ್ತದೆ, ಆದರೆ ಫ್ಯಾನ್ ಸುತ್ತುತ್ತಲೇ ಇರುತ್ತದೆ

ಇದಕ್ಕೆ ಎರಡು ಅರ್ಥ ಇದೆ. ಒಂದು, ಮಾನಿಟರ್ ಮಾತ್ರ ಆರಿದೆ, ಕಂಪ್ಯೂಟರ್ ಎಚ್ಚರವಾಗೇ ಇದೆ. ಮೌಸ್ ಅಲುಗಿಸಿದ ತಕ್ಷಣ ಪರದೆ ಬಂದರೆ ಬಹುಶಃ ಇದೇ. ಇನ್ನೊಂದು, ಕಂಪ್ಯೂಟರ್ ಮಲಗಿದೆ, ಆದರೆ ಎಸ್1 ಅರೆನಿದ್ದೆಯಲ್ಲಿದೆ.

ಪವರ್‌ಸಿಎಫ್‌ಜಿ ಸ್ಲ್ಯಾಶ್ ಎ ಕೊಟ್ಟಾಗ ಎಸ್1 ಮಾತ್ರ ಇದೆ, ಎಸ್3 ಇಲ್ಲ ಅಂತ ಬಂದರೆ ಬಯೋಸ್‌ಗೆ ಹೋಗಬೇಕು. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇದ್ದರೆ ಸಾಮಾನ್ಯವಾಗಿ ತೆರೆಯುತ್ತದೆ. ಪವರ್ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಸಸ್ಪೆಂಡ್ ಎಂಬ ಪದ ಇರುವ ಸಾಲು ಹುಡುಕಿ. ಅಲ್ಲಿ ಎಸ್1 ಇದ್ದರೆ ಎಸ್3 ಮಾಡಿ, ಸೇವ್ ಮಾಡಿ ಹೊರಬನ್ನಿ. ಬದಲಿಸುವ ಮೊದಲು ಆ ಪರದೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ್ದರೆ ಬಯೋಸ್ ಮುಟ್ಟುವ ಮೊದಲೇ ಅದರ ರಿಕವರಿ ಕೀ ಕೈಯಲ್ಲಿರಲಿ. ಬದಲಾವಣೆ ಕಂಡು ಅದು ಕೀ ಕೇಳಿ ಕೂರಬಹುದು.

ಎಸ್3 ಮಾಡಿದ್ದು ಕೆಲವು ದಿನ ಬಿಟ್ಟು ತಾನಾಗಿ ಎಸ್1ಕ್ಕೆ ವಾಪಸ್ಸಾಗಿದೆಯೇ? ಗಡಿಯಾರವೂ ತಪ್ಪು ತೋರಿಸುತ್ತಿದೆಯೇ? ಹಾಗಾದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032, 3 ವೋಲ್ಟಿನದು. ಪ್ಲಗ್ಗಿನಲ್ಲಿ ಕರೆಂಟು ಇರುವವರೆಗೆ ಇದರ ದೌರ್ಬಲ್ಯ ಗೊತ್ತಾಗುವುದಿಲ್ಲ. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿದ ದಿನ ಬಯೋಸ್ ಎಲ್ಲ ಮರೆತುಬಿಡುತ್ತದೆ. ಮಲ್ಟಿಮೀಟರ್‌ನಲ್ಲಿ 2.7 ವೋಲ್ಟಿಗಿಂತ ಕಮ್ಮಿ ತೋರಿಸಿದರೆ ಬದಲಿಸಿ. ಮೀಟರ್ ಇಲ್ಲದಿದ್ದರೂ ಬದಲಿಸಿ, ದುಬಾರಿ ಏನಲ್ಲ. ತೆಗೆದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಲಕ್ಷಣ: ತಾನಾಗಿ ಮಲಗುವುದಿಲ್ಲ, ನಾವೇ ಸ್ಲೀಪ್ ಒತ್ತಿದರೆ ಮಲಗುತ್ತದೆ

ಯಂತ್ರ ಸರಿಯಾಗಿದೆ, ಯಾರೋ ತಡೆಯುತ್ತಿದ್ದಾರೆ. ಪವರ್ ಪ್ಲಾನ್‌ನಲ್ಲಿ ಎಷ್ಟು ನಿಮಿಷಕ್ಕೆ ಮಲಗಬೇಕು ಅನ್ನುವ ಕಡೆ ನೆವರ್ ಅಂತ ಇದೆಯೇ ನೋಡಿ. ನಗಬೇಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ.

ಆಮೇಲೆ ಪವರ್‌ಸಿಎಫ್‌ಜಿ ಸ್ಲ್ಯಾಶ್ ರಿಕ್ವೆಸ್ಟ್ಸ್ ಕೊಡಿ. "ನನ್ನ ಕೆಲಸ ಮುಗಿದಿಲ್ಲ, ಮಲಗಬೇಡ" ಅಂತ ಹಿಡಿದುಕೊಂಡಿರುವವರ ಹೆಸರು ಬರುತ್ತದೆ. ಆಡಿಯೋ ಸ್ಟ್ರೀಮ್ ಬಳಕೆಯಲ್ಲಿದೆ ಎಂದು ಸೌಂಡ್ ಡ್ರೈವರ್ ಹೆಸರು ಕಂಡರೆ, ಬ್ರೌಸರಿನ ಯಾವುದೋ ಟ್ಯಾಬಿನಲ್ಲಿ ವಿಡಿಯೋ ಓಡುತ್ತಿರಬಹುದು. ಯಾವಾಗಲೂ ಮೈಕ್ ತೆರೆದಿಡುವ ಪ್ರೋಗ್ರಾಮೂ ಇದ್ದೀತು. ಇನ್ನೊಂದು ಕಂಪ್ಯೂಟರ್ ನಿಮ್ಮ ಫೋಲ್ಡರ್ ತೆರೆದುಕೊಂಡಿದ್ದರೂ ಇಲ್ಲಿ ಗೊತ್ತಾಗುತ್ತದೆ. ಎಲ್ಲ ಸಾಲಿನಲ್ಲೂ ಇಂಗ್ಲಿಷಿನ ನನ್, ಅಂದರೆ ಯಾರೂ ಇಲ್ಲ, ಎಂದಿದ್ದರೆ ಅನುಮಾನ ಮೌಸಿನ ಮೇಲೆ. ಹೊಳೆಯುವ ಮೇಜಿನ ಮೇಲಿಟ್ಟ ಆಪ್ಟಿಕಲ್ ಮೌಸ್ ಯಾರೂ ಮುಟ್ಟದಿದ್ದರೂ ಸಣ್ಣಗೆ ನಡುಗುತ್ತದೆ. ಪರದೆಯ ಬಾಣವನ್ನೇ ಒಂದು ನಿಮಿಷ ದಿಟ್ಟಿಸಿ ನೋಡಿ. ಒಂದು ಕೂದಲೆಳೆಯಷ್ಟು ಜರುಗಿದರೂ ನಿದ್ದೆಯ ಲೆಕ್ಕ ಮೊದಲಿನಿಂದ ಶುರು.

ಲಕ್ಷಣ: ಮಲಗಿದ ಕೂಡಲೇ ಎದ್ದುಬಿಡುತ್ತದೆ

ಅತಿ ಹೆಚ್ಚು ಕೇಳಿಬರುವ ದೂರು ಇದು. ಸ್ಲೀಪ್ ಒತ್ತುತ್ತೀರಿ, ಪರದೆ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ಎರಡು ಸೆಕೆಂಡ್ ಮೌನ, ಮತ್ತೆ ಗುಂಯ್ ಅಂತ ಎಲ್ಲ ಶುರು.

ಎದ್ದ ತಕ್ಷಣ ಪವರ್‌ಸಿಎಫ್‌ಜಿ ಸ್ಲ್ಯಾಶ್ ಲಾಸ್ಟ್‌ವೇಕ್ ಕೊಡಿ. ಎಬ್ಬಿಸಿದವರ ಹೆಸರು ಬರುತ್ತದೆ. ಕೆಲವೊಮ್ಮೆ ಯುಎಸ್‌ಬಿ ರೂಟ್ ಹಬ್ ಎಂದಷ್ಟೇ ಬಂದು, ಯಾವ ಸಾಧನ ಅಂತ ತಿಳಿಯದೆ ನಿರಾಸೆ ಆಗಬಹುದು. ಆಗ ಪವರ್‌ಸಿಎಫ್‌ಜಿ ಸ್ಲ್ಯಾಶ್ ಡಿವೈಸ್‌ಕ್ವೆರಿ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ವೇಕ್ ಮತ್ತು ಆರ್ಮ್ಡ್ ಪದಗಳನ್ನು ನಡುವೆ ಅಡಿಗೆರೆ ಹಾಕಿ ಬರೆಯಿರಿ. ಈ ಯಂತ್ರವನ್ನು ಎಬ್ಬಿಸುವ ಅನುಮತಿ ಯಾರ ಯಾರಿಗಿದೆ ಎನ್ನುವ ಪಟ್ಟಿ ಅದು. ಸಾಮಾನ್ಯವಾಗಿ ಮೂರೇ ಜನ ಇರುತ್ತಾರೆ: ಕೀಬೋರ್ಡ್, ಮೌಸ್, ನೆಟ್‌ವರ್ಕ್ ಕಾರ್ಡ್.

ಮೌಸಿನಿಂದ ಶುರು ಮಾಡಿ. ಮೌಸನ್ನು ತಲೆಕೆಳಗಾಗಿ ಇಟ್ಟು, ಕೀಬೋರ್ಡಿನಿಂದ ಸ್ಲೀಪ್ ಕೊಡಿ. ಮಲಗೇ ಇದ್ದರೆ ಕಳ್ಳ ಸಿಕ್ಕಿದ. ಒಂದು ಮನೆಯ ಕಂಪ್ಯೂಟರ್ ಹಗಲು ಚೆನ್ನಾಗಿ ಮಲಗುತ್ತಿತ್ತು, ರಾತ್ರಿ ಮಾತ್ರ ಏಳುತ್ತಿತ್ತು. ಮೂರು ದಿನ ಡ್ರೈವರ್ ಹಿಂದೆ ಬಿದ್ದಿದ್ದೆ. ಮೇಜಿನ ಪಕ್ಕ ಕೂತು ಕಾದಾಗ ಗೊತ್ತಾಯಿತು: ರಾತ್ರಿ ಫ್ಯಾನ್ ಜೋರಾಗಿ ಹಾಕುತ್ತಿದ್ದರು, ಆ ಗಾಳಿಗೆ ಮೌಸಿನ ವೈರು ಅಲ್ಲಾಡುತ್ತಿತ್ತು. ವೈರಿನ ಜತೆ ಮೌಸೂ ಒಂದು ಎಳ್ಳಿನಷ್ಟು ಜರುಗುತ್ತಿತ್ತು. ನನಗೆ ನಗು ಬಂತು, ಅವರಿಗೆ ಬರಲಿಲ್ಲ.

ಡಿವೈಸ್ ಮ್ಯಾನೇಜರ್ ತೆರೆದು, ಮೌಸಿನ ಮೇಲೆ ಡಬಲ್ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ಕಂಪ್ಯೂಟರನ್ನು ಎಬ್ಬಿಸಲು ಬಿಡುವ ಟಿಕ್ ತೆಗೆಯಿರಿ. ಕೀಬೋರ್ಡಿನ ಟಿಕ್ ಹಾಗೇ ಇರಲಿ. ಎಬ್ಬಿಸಲು ಒಂದು ದಾರಿ ಬೇಕಲ್ವಾ.

ಮುಂದಿನ ಅನುಮಾನ ನೆಟ್‌ವರ್ಕ್ ಕಾರ್ಡ್. ಪರೀಕ್ಷೆ ಸುಲಭ: ನೆಟ್‌ವರ್ಕ್ ಕೇಬಲ್ ಕಿತ್ತು ಮಲಗಿಸಿ. ಮಲಗೇ ಇದ್ದರೆ ದೂರದಿಂದ ಎಬ್ಬಿಸುವ ವೇಕ್ ಆನ್ ಲ್ಯಾನ್ ಕಾರಣ. ಈ ಸೌಲಭ್ಯಕ್ಕೆಂದೇ ಮ್ಯಾಜಿಕ್ ಪ್ಯಾಕೆಟ್ ಎಂಬ ವಿಶೇಷ ಸಂದೇಶ ಇದೆ. ಅದರೊಳಗೆ ನಿಮ್ಮ ಕಾರ್ಡಿನದೇ ವಿಳಾಸ 16 ಸಲ ಬರೆದಿರುತ್ತದೆ, ಅಪ್ಪಿತಪ್ಪಿ ಬರುವಂಥದ್ದಲ್ಲ. ಆದರೆ ಎಷ್ಟೋ ಕಾರ್ಡುಗಳು ಇದಕ್ಕಷ್ಟೇ ಕಾಯುವುದಿಲ್ಲ. ಮನೆಯ ರೂಟರ್ ಸುಮ್ನೆ "ಇದ್ದೀಯಾ?" ಅಂತ ಕೇಳಿದರೂ ಎದ್ದು "ಇದ್ದೇನೆ" ಅನ್ನುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಏಳು ಅನ್ನುವ ಟಿಕ್ ಇದೆ, ಹಾಕಿ. ದೂರದಿಂದ ಎಬ್ಬಿಸುವ ಅಗತ್ಯವೇ ಇಲ್ಲದಿದ್ದರೆ ಎಬ್ಬಿಸುವ ಟಿಕ್ಕನ್ನೇ ತೆಗೆದುಬಿಡಿ.

ಇಷ್ಟಾದರೂ ಎದ್ದರೆ ಬಯೋಸ್‌ನ ವೇಕ್ ಮತ್ತು ರೆಸ್ಯೂಮ್ ಸಾಲುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ.

ಲಕ್ಷಣ: ರಾತ್ರಿ ಒಂದು ಹೊತ್ತಿನಲ್ಲಿ ತಾನಾಗಿ ಏಳುತ್ತದೆ

ದಿನಾ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಏಳುತ್ತಿದ್ದರೆ ಅದು ಮೌಸಲ್ಲ, ಅಲಾರಾಂ. ವಿಂಡೋಸ್ 10ರಲ್ಲಿ ತಾನಾಗಿ ನಡೆಯುವ ಮೇಂಟೆನೆನ್ಸ್‌ಗೆ ಮೊದಲೇ ಇಟ್ಟಿರುವ ಸಮಯ ಬೆಳಗಿನ ಜಾವ 2 ಗಂಟೆ. ಪವರ್‌ಸಿಎಫ್‌ಜಿ ಸ್ಲ್ಯಾಶ್ ವೇಕ್‌ಟೈಮರ್ಸ್ ಕೊಟ್ಟರೆ ಮುಂದಿನ ಅಲಾರಾಂ ಯಾರದು, ಎಷ್ಟು ಹೊತ್ತಿಗೆ ಎಂದು ಹೇಳುತ್ತದೆ. ಪವರ್ ಪ್ಲಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ, ಸ್ಲೀಪ್ ಶಾಖೆಯ ಕೆಳಗೆ ವೇಕ್ ಟೈಮರ್ಸ್ ಇದೆ. ಡಿಸೇಬಲ್ ಮಾಡಿ. ರಾತ್ರಿ ಬ್ಯಾಕಪ್ ಇಟ್ಟುಕೊಂಡವರು ಮಾತ್ರ ಯೋಚಿಸಿ ಮಾಡಿ, ಬ್ಯಾಕಪ್ ನಡೆಯದೇ ಹೋದೀತು.

ಇದರ ಒಂದು ವಿಚಿತ್ರ ತಮ್ಮ ಇದ್ದಾನೆ. ಕಂಪ್ಯೂಟರ್ ಏಳುತ್ತದೆ, ಏನನ್ನೂ ಮುಟ್ಟದೆ ನೋಡುತ್ತಾ ಕೂತರೆ ಎರಡೇ ನಿಮಿಷಕ್ಕೆ ಮತ್ತೆ ಮಲಗುತ್ತದೆ. ಇದು ದೋಷ ಅಲ್ಲ. ಮನುಷ್ಯರಲ್ಲದೆ ಟೈಮರೋ ನೆಟ್‌ವರ್ಕೋ ಎಬ್ಬಿಸಿದರೆ ವಿಂಡೋಸ್ ಎರಡು ನಿಮಿಷ ಕಾದು, ಯಾರೂ ಬಂದಿಲ್ಲ ಅಂತ ಮತ್ತೆ ಮಲಗುತ್ತದೆ. ಒಂದು ಕೀಲಿ ಒತ್ತಿದರೆ ಎಚ್ಚರವಾಗೇ ಇರುತ್ತದೆ.

ಲಕ್ಷಣ: ಫ್ಯಾನ್ ಶುರುವಾಗುತ್ತದೆ, ಪರದೆ ಮಾತ್ರ ಬರುವುದಿಲ್ಲ

ಇಲ್ಲಿ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ಕೀಬೋರ್ಡಿನ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಎದ್ದಿದೆ, ಚಿತ್ರ ಮಾತ್ರ ಬರುತ್ತಿಲ್ಲ. ನಿಮ್ಮ ಕಡತಗಳು ಇನ್ನೂ ಜೀವಂತ. ದೀಪ ಅಲುಗದಿದ್ದರೆ ಯಂತ್ರ ಏಳುವ ದಾರಿಯಲ್ಲೇ ಸಿಕ್ಕಿಕೊಂಡಿದೆ.

ದೀಪ ಹತ್ತಿದರೆ ಮಾನಿಟರನ್ನು ಅದರ ಬಟನ್ನಿನಿಂದ ಆಫ್ ಮಾಡಿ ಆನ್ ಮಾಡಿ. ಮೆನುವಿನಲ್ಲಿ ಇನ್‌ಪುಟ್ ಸರಿ ಇದೆಯೇ ನೋಡಿ. ಎರಡು ಪೋರ್ಟ್ ಇರುವ ಮಾನಿಟರ್‌ಗಳು ಸಿಗ್ನಲ್ ಹುಡುಕುತ್ತಾ ಬೇರೆ ಪೋರ್ಟಿಗೆ ಹಾರಿ ಅಲ್ಲೇ ನಿಲ್ಲುವುದುಂಟು. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10ರಲ್ಲಿ ಇದು ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ. ಚಿತ್ರ ಬಂದರೆ ರೋಗ ಡ್ರೈವರಿನಲ್ಲಿದೆ. ಹೊಸ ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಮಾಡಿ, ಅಂದರೆ ಹಿಂದಿನ ಡ್ರೈವರಿಗೆ ಮರಳಿ. ಹಳೇ ಕಾರ್ಡಿಗೆ ಹೊಸ ಡ್ರೈವರೇ ಒಳ್ಳೆಯದು ಅಂತೇನೂ ಇಲ್ಲ.

ದೀಪ ಹತ್ತದಿದ್ದರೆ ಒಂದು ನಿಮಿಷ ಕಾಯಿರಿ. ಆಮೇಲೂ ಏಳದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವುದೇ ದಾರಿ. ಮತ್ತೆ ಆನ್ ಮಾಡಿದ ಮೇಲೆ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್) ಡ್ರೈವರ್ ಹಾಕಿ. ಓವರ್‌ಕ್ಲಾಕ್ (ನಿಗದಿಗಿಂತ ವೇಗವಾಗಿ ಓಡಿಸುವುದು) ಅಥವಾ ಎಕ್ಸ್‌ಎಂಪಿ (ಬಯೋಸ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ಆಯ್ಕೆ) ಹಾಕಿದ್ದರೆ ತೆಗೆದು ನೋಡಿ. ಆನ್ ಮಾಡುವಾಗ ತಡೆದುಕೊಳ್ಳುವ ರ‍್ಯಾಮ್ ವೇಗ, ನಿದ್ದೆಯಿಂದ ಏಳುವಾಗ ಕೈಕೊಡುವುದುಂಟು. ರ‍್ಯಾಮ್ ಕಡ್ಡಿಗಳಲ್ಲಿ ಒಂದನ್ನೇ ಇಟ್ಟು, ಮತ್ತೆ ಇನ್ನೊಂದನ್ನೇ ಇಟ್ಟು ಪರೀಕ್ಷಿಸಿ. ಎದ್ದ ಮೇಲೆ ನೀಲಿ ಪರದೆ ಬರುತ್ತಿದ್ದರೂ ಇದೇ ದಾರಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಬಂದರೂ ಆ ಕಡ್ಡಿಯನ್ನು ನಂಬಬೇಡಿ.

ಬಯೋಸ್ ಅಪ್‌ಡೇಟ್ ಕೊನೆಯ ಮದ್ದು. ತಯಾರಕರ ಟಿಪ್ಪಣಿಯಲ್ಲಿ ಎಸ್3 ಅಥವಾ ಸ್ಲೀಪ್ ದೋಷ ಸರಿಪಡಿಸಿದೆವು ಅಂತ ಬರೆದಿದ್ದರೆ ಮಾತ್ರ ಮಾಡಿ. ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತೀತು.

ಲಕ್ಷಣ: ಕೀಬೋರ್ಡಿಗೆ ಏಳುವುದಿಲ್ಲ, ಪವರ್ ಬಟನ್ನಿಗೆ ಏಳುತ್ತದೆ

ಕೀಬೋರ್ಡಿಗೆ ಎಬ್ಬಿಸುವ ಅನುಮತಿ ಇಲ್ಲ, ಇಲ್ಲವೇ ಮಲಗಿದಾಗ ಅದಕ್ಕೆ ಕರೆಂಟು ಇಲ್ಲ. ಅನುಮತಿಯ ಟಿಕ್ ಎಲ್ಲಿದೆ ಅಂತ ಮೇಲೆ ನೋಡಿದೆವು. ಟಿಕ್ ಇದ್ದರೂ ಏಳದಿದ್ದರೆ ಕೀಬೋರ್ಡನ್ನು ಮದರ್‌ಬೋರ್ಡಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿ, ಹಬ್ ಬೇಡ. ಬಹಳ ಹಳೆಯ ಬೋರ್ಡುಗಳಲ್ಲಿ ಯುಎಸ್‌ಬಿಗೆ ಸ್ಟ್ಯಾಂಡ್‌ಬೈ ಕರೆಂಟು ಬೇಕೋ ಬೇಡವೋ ಎಂದು ಆರಿಸಲು ಜಂಪರ್ ಎಂಬ, ಎರಡು ಪಿನ್ನುಗಳನ್ನು ಜೋಡಿಸುವ ಪುಟ್ಟ ಟೊಪ್ಪಿ ಇರುತ್ತಿತ್ತು. ಬೋರ್ಡಿನ ಕೈಪಿಡಿ ಇಲ್ಲದೆ ಅದನ್ನು ಮುಟ್ಟಬೇಡಿ.

ಲಕ್ಷಣ: ಎದ್ದಾಗ ಎಲ್ಲ ಹೊಸದಾಗಿ ಬೂಟ್ ಆಗುತ್ತದೆ, ತೆರೆದಿಟ್ಟದ್ದೆಲ್ಲ ಮಾಯ

ನೇರಳೆ ತಂತಿ ಇಲ್ಲಿ ವಾಪಸ್ ಬರುತ್ತದೆ. ನಿದ್ದೆಯಲ್ಲಿದ್ದಾಗ ರ‍್ಯಾಮ್‌ಗೆ ಕರೆಂಟು ತಪ್ಪಿದೆ.

ಮೊದಲ ಪ್ರಶ್ನೆ: ಸ್ಲೀಪ್ ಮಾಡಿ ಗೋಡೆಯ ಸ್ವಿಚ್ ಆಫ್ ಮಾಡಿದವರು ಯಾರಾದರೂ ಇದ್ದಾರೆಯೇ? ಲ್ಯಾಪ್‌ಟಾಪ್ ಅಭ್ಯಾಸದವರು ಇದನ್ನು ಮಾಡುತ್ತಾರೆ. ಡೆಸ್ಕ್‌ಟಾಪಿಗೆ ಬ್ಯಾಟರಿ ಇಲ್ಲ. ಒಂದು ಕ್ಷಣ ಕರೆಂಟು ಹೋದರೂ ಅಷ್ಟೇ.

ಕರೆಂಟು ಹೋಗದಿದ್ದರೂ ಹೀಗಾಗುತ್ತಿದ್ದರೆ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ದಾಖಲೆ ನೋಡಿ. ಕರ್ನಲ್ ಪವರ್ ಹೆಸರಿನಲ್ಲಿ 42 ಅಂದರೆ ಮಲಗಲು ಹೊರಟಿತು. ಪವರ್ ಟ್ರಬಲ್‌ಶೂಟರ್ ಹೆಸರಿನಲ್ಲಿ 1 ಅಂದರೆ ನಿದ್ದೆಯಿಂದ ಎದ್ದಿತು. ಕರ್ನಲ್ ಪವರ್ 41 ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು. 42 ಆದ ಮೇಲೆ 1 ಬರದೆ ನೇರವಾಗಿ 41 ಬಂದಿದ್ದರೆ, ಮಲಗಿದ್ದು ನಿದ್ದೆಯಲ್ಲೇ ಹೋಗಿದೆ.

ನನ್ನ ಹಳೇ ಟವರ್‌ನಲ್ಲಿ ಇದೇ ಆಗಿತ್ತು. ಹತ್ತು ನಿಮಿಷದ ನಿದ್ದೆಗೆ ಸರಿಯಾಗಿ ಏಳುತ್ತಿತ್ತು, ರಾತ್ರಿಯಿಡೀ ಮಲಗಿದರೆ ಬೆಳಿಗ್ಗೆ ಹೊಸ ಬೂಟ್. ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿದೆ, ರ‍್ಯಾಮ್ ಬದಲಿಸಿದೆ. ಕೊನೆಗೊಂದು ದಿನ ಯುಎಸ್‌ಬಿ ಪೋರ್ಟಿನಲ್ಲಿ ಚಾರ್ಜಿಗೆ ಹಾಕಿದ್ದ ಫೋನ್ ತೆಗೆದು ಮಲಗಿಸಿದೆ, ಬೆಳಿಗ್ಗೆ ನಗುನಗುತ್ತಾ ಎದ್ದಿತು. ಫೋನ್ ಎಳೆದುಕೊಳ್ಳುತ್ತಿದ್ದದ್ದೂ ಅದೇ ಸ್ಟ್ಯಾಂಡ್‌ಬೈ ಲೈನಿನಿಂದ. ಮುದಿ ಪವರ್ ಸಪ್ಲೈಗೆ ಇಬ್ಬರನ್ನೂ ಸಾಕುವ ಶಕ್ತಿ ಇರಲಿಲ್ಲ. ಸಪ್ಲೈ ಬದಲಿಸಿದ ಮೇಲೆ ಫೋನ್ ಇದ್ದರೂ ತೊಂದರೆ ಇಲ್ಲ.

ಮಲ್ಟಿಮೀಟರ್ ಹಿಡಿದು ಅಭ್ಯಾಸ ಇದ್ದವರು ಕಂಪ್ಯೂಟರ್ ಮಲಗಿದ್ದಾಗ ನೇರಳೆ ಮತ್ತು ಕಪ್ಪು ತಂತಿಯ ನಡುವೆ ಅಳೆಯಬಹುದು. 4.75ರಿಂದ 5.25 ವೋಲ್ಟ್ ಒಳಗಿರಬೇಕು. ಪ್ರೋಬ್ ಜಾರಿ ಪಕ್ಕದ ಪಿನ್ನಿಗೆ ತಾಗಿದರೆ ಬೋರ್ಡ್ ಸುಡುತ್ತದೆ, ಆದ್ದರಿಂದ ಅಭ್ಯಾಸ ಇಲ್ಲದವರು ಅಳೆಯುವ ಗೋಜಿಗೆ ಹೋಗಬೇಡಿ. ಸರಿಯಾಗಿ ಕೆಲಸ ಮಾಡುವ ಇನ್ನೊಂದು ಸಪ್ಲೈ ಹಾಕಿ ನೋಡುವುದು ಹೆಚ್ಚು ಸುರಕ್ಷಿತ. ಪ್ಲಗ್ ಕಿತ್ತ ಮೇಲೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳನ್ನೂ ಟಾರ್ಚ್ ಹಾಕಿ ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಅದು ಬೋರ್ಡಿನ ರೋಗ.

ಲಕ್ಷಣ: ಎದ್ದ ಮೇಲೆ ಸೌಂಡ್ ಇಲ್ಲ, ಇಂಟರ್ನೆಟ್ ಇಲ್ಲ

ಇದು ಬಹುಪಾಲು ಡ್ರೈವರಿನ ಸೋಮಾರಿತನ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನವನ್ನು ಡಿಸೇಬಲ್ ಮಾಡಿ ಎನೇಬಲ್ ಮಾಡಿ. ಬಂದರೆ ಡ್ರೈವರ್ ಬದಲಿಸಿ. ನೆಟ್‌ವರ್ಕ್ ಕಾರ್ಡಿನ ಕರೆಂಟು ಉಳಿಸಲು ಅದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಯುಎಸ್‌ಬಿ ಸಾಧನ ಕಾಣೆಯಾದರೆ ಪವರ್ ಪ್ಲಾನ್‌ನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಎಲ್ಲಿ ನಿಲ್ಲಿಸಬೇಕು

ಸುಟ್ಟ ವಾಸನೆ ಬಂದರೆ, ಪವರ್ ಸಪ್ಲೈ ಚಟಪಟ ಅಂದರೆ, ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಅಲ್ಲೇ ನಿಲ್ಲಿಸಿ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಜುಮ್ ಅಂದದ್ದಕ್ಕೆ ಅರ್ಥಿಂಗ್ ಕಾರಣ ಇರಬಹುದು, ಅದನ್ನು ಎಲೆಕ್ಟ್ರಿಷಿಯನ್ ನೋಡಬೇಕು. ಹಾರ್ಡ್ ಡಿಸ್ಕ್ ಏಳುವಾಗ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದ್ದರೆ ಸ್ಲೀಪ್ ಪರೀಕ್ಷೆ ಬಿಟ್ಟು ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಉಬ್ಬಿದ ಕೆಪಾಸಿಟರ್ ಬದಲಿಸುವುದು ಬೆಸುಗೆ ಗೊತ್ತಿರುವವರ ಕೆಲಸ.

ರಿಪೇರಿಯವರ ಬಳಿ ಒಯ್ಯುವಾಗ "ಸ್ಲೀಪ್ ಆಗ್ತಿಲ್ಲ" ಅಂತಷ್ಟೇ ಹೇಳಬೇಡಿ. ಮಲಗುವುದಿಲ್ಲವೋ, ಏಳುವುದಿಲ್ಲವೋ, ಕ್ಯಾಪ್ಸ್ ಲಾಕ್ ದೀಪ ಹತ್ತುತ್ತದೆಯೋ, ಎಷ್ಟು ಹೊತ್ತಿನ ನಿದ್ದೆಯಾದ ಮೇಲೆ ಹೀಗಾಗುತ್ತದೆ, 42ರ ನಂತರ ಬಂದದ್ದು 1 ಅಥವಾ 41, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ ಕೊಡಿ. ರಿಪೇರಿಗೆ ಒಯ್ಯುವವರೆಗೆ ಸ್ಲೀಪ್ ಬದಲು ಹೈಬರ್ನೇಟ್ ಬಳಸಬಹುದು. ಏಳಲು ಸ್ವಲ್ಪ ಜಾಸ್ತಿ ಹೊತ್ತು ಬೇಕು, ಆದರೆ ನೇರಳೆ ತಂತಿಯ ಹಂಗಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿದರೂ ಕಡತ ಇದ್ದಲ್ಲೇ ಇರುತ್ತದೆ.